ತಲಕಾಡಿನ ಮರಳಿನವರು ಗಾಲ್ಫಿನ ಊರಿಗೆ ಹೋದದ್ದು

ಮರಳೆಂದರೆ ನಮ್ಮ ತಿ. ನರಸೀಪುರದ ಕಡೆಯವರಿಗೆ ಹೊಸದೇನೂ ಅಲ್ಲ. ತಲಕಾಡು ನಮ್ಮ ತಾಲ್ಲೂಕಿನದೇ ಊರು. ಅಲ್ಲಿ ದೇವಸ್ಥಾನಗಳೇ ಮರಳಿನಡಿ ಹೂತುಹೋಗಿ, ಅಗೆದು ತೆಗೆದು, ಇವತ್ತಿಗೂ ಪಾತಾಳೇಶ್ವರನ ದರ್ಶನಕ್ಕೆ ಮೆಟ್ಟಿಲಿಳಿದು ಹೋಗಬೇಕು. 2020ರ ಡಿಸೆಂಬರಿನಲ್ಲಿ ಪಂಚಲಿಂಗ ದರ್ಶನ ಆಯಿತಲ್ಲ, ಆಗ ಹೋದವರಿಗೆ ಆ ಮರಳಿನಲ್ಲಿ ಕಾಲು ಹೂತುಕೊಂಡು ನಡೆದದ್ದು ನೆನಪಿರುತ್ತದೆ. ಅಲಮೇಲಮ್ಮನ ಶಾಪದಿಂದ ತಲಕಾಡು ಮರಳಾಯಿತು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಹಿಂದೆ ಕಾವೇರಿಗೆ ಕಟ್ಟೆ ಕಟ್ಟಿದ ಮೇಲೆ ಹೊಳೆಯ ನೀರು ತಗ್ಗಿ, ಒಣಗಿದ ಮರಳನ್ನು ಗಾಳಿ ಹೊತ್ತು ತಂದಿತು ಅಂತ ಭೂವಿಜ್ಞಾನ ಬಲ್ಲವರು ಹೇಳುತ್ತಾರೆ. ಕಾರಣ ಯಾವುದಾದರೂ ಇರಲಿ, ಮರಳು ಬಂದ ಕಡೆ ರಾಗಿ ಭತ್ತ ಬೆಳೆಯುವ ಹಾಗಿಲ್ಲ, ಆ ನೆಲ ಕೆಲಸಕ್ಕೆ ಬಾರದು ಎನ್ನುವುದು ನಮ್ಮ ತಿಳುವಳಿಕೆ.

ಆದರೆ ಸೋದರಿಯರೇ, ಹೀಗೆ ಉತ್ತಿ ಬಿತ್ತಲು ಬಾರದ ಮರಳು ನೆಲದಲ್ಲೇ ಒಂದು ಆಟ ಹುಟ್ಟಿ, ಆ ಆಟವನ್ನು ಹುಡುಕಿಕೊಂಡು ದೇಶದೇಶಗಳ ಜನ ಕಾಶಿಯಾತ್ರೆಯ ಹಾಗೆ ಬರುವ ಊರೊಂದಿದೆ. ಅದೇ ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್. ಆಟದ ಹೆಸರು ಗಾಲ್ಫ್. 2025ರ ಜೂನ್ ತಿಂಗಳಲ್ಲಿ ಹತ್ತು ದಿನ ಅಲ್ಲಿ ಇದ್ದು ಬಂದೆ. ತವರು ತಿ. ನರಸೀಪುರ, ಸೇರಿದ ಮನೆ ನಂಜನಗೂಡು. ಕಪಿಲೆ ಕಾವೇರಿ ಬಿಟ್ಟರೆ ಬೇರೆ ನೀರು ಕಂಡವಳಲ್ಲ. ಅಂಥವಳು ಕಂಡದ್ದನ್ನು, ಕೇಳಿ ತಿಳಿದದ್ದನ್ನು ನಿಮಗೂ ಹೇಳೋಣ ಅಂತ ಈ ಬರಹ.

ಕೋಲು ಚೆಂಡಿನ ನಂಟು

ಗಾಲ್ಫ್ ಅಂದರೆ ಏನು ಅಂತ ಕೇಳುವವರಿಗೆ ಸುಲಭವಾಗಿ ಹೇಳುತ್ತೇನೆ. ನಮ್ಮ ಹುಡುಗರು ಗೋಲಿ ಆಡುವಾಗ ಗುಳಿಗೆ ಗೋಲಿ ಬೀಳಿಸುತ್ತಾರಲ್ಲ, ಅದೇ ಆಟವನ್ನು ಕೋಲು ಹಿಡಿದು ನಾಲ್ಕೈದು ಮೈಲಿ ನಡೆಯುತ್ತಾ ಆಡಿದ ಹಾಗೆ. ಹುಲ್ಲಿನ ಬಯಲಿನಲ್ಲಿ ದೂರದೂರಕ್ಕೆ ಹದಿನೆಂಟು ಕುಳಿಗಳು. ಒಂದೊಂದು ಕುಳಿಗೂ ಚೆಂಡು ಬೀಳಿಸಬೇಕು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದರು. ದಾರಿಯಲ್ಲಿ ತೊಡಕಾಗಲಿ ಅಂತ ಮರಳು ತುಂಬಿದ ಗುಂಡಿಗಳಿರುತ್ತವೆ, ಅವಕ್ಕೆ ಬಂಕರ್ ಅನ್ನುತ್ತಾರೆ. ಅದರಲ್ಲಿ ಚೆಂಡು ಬಿದ್ದರೆ ತಲಕಾಡಿನ ಮರಳಿನಲ್ಲಿ ಚಪ್ಪಲಿ ಸಿಕ್ಕಿಕೊಂಡ ಹಾಗೇ. ಎಳೆದಷ್ಟೂ ಒಳಗೆ.

ಈ ಆಟ ನಮ್ಮ ನಾಡಿಗೆ ಬಂದು ಬಹಳ ಕಾಲವಾಯಿತು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಮೈಸೂರಿನಲ್ಲಿ ಚಾಮುಂಡಿಬೆಟ್ಟದ ತಪ್ಪಲಿನ ರೇಸ್ ಕೋರ್ಸಿನ ಒಳಗೇ ಜಯಚಾಮರಾಜ ಒಡೆಯರ ಹೆಸರಿನ ಗಾಲ್ಫ್ ಕ್ಲಬ್ ಇದೆ. ನಮ್ಮ ಯಜಮಾನರು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾರೆ. ಮೇಲಧಿಕಾರಿಗಳ ಜೊತೆ ಒಂದು ಭಾನುವಾರ ಸುಮ್ಮನೆ ನೋಡಲು ಹೋದವರು ಆ ಕೋಲಿಗೆ ಗಂಟುಬಿದ್ದರು. ಆಮೇಲೆ ಪ್ರತಿ ಭಾನುವಾರವೂ ಬೆಳಗಿನ ಐದಕ್ಕೆ ನನ್ನ ಮನೆಯಲ್ಲಿ ಕಾಫಿ ಕಾಯಬೇಕು. ಇಸ್ಪೀಟಿಗಿಂತ ಇದು ವಾಸಿ ಅಂತ ನಮ್ಮ ಅತ್ತೆಯವರ ಸಮಾಧಾನ.

ಗಾಲ್ಫ್ ಆಡುವವರಲ್ಲಿ ಒಂದು ಒಳ್ಳೆಯ ರೂಢಿಯುಂಟು. ಪರಊರಿನಿಂದ, ಪರದೇಶದಿಂದ ತಮ್ಮ ಹಾಗೇ ಗೀಳಿನವರು ಬಂದರೆ ಕರೆದು ಜೊತೆಗೆ ಆಡಿಸುತ್ತಾರೆ, ಮನೆಗೂ ಕರೆಯುತ್ತಾರೆ. ನಮ್ಮ ಭಜನಾ ಮಂಡಲಿಯವರು ಇನ್ನೊಂದು ಊರಿನ ಮಂಡಲಿಯವರನ್ನು ಕರೆಸಿ, ಊಟ ಹಾಕಿ, ಮಾರನೆಯ ವರ್ಷ ತಾವು ಅಲ್ಲಿಗೆ ಹೋಗುವುದಿಲ್ಲವೇ, ಅದೇ ರೀತಿ. 2024ರ ಮಾರ್ಚಿನಲ್ಲಿ ಸ್ಕಾಟ್‌ಲೆಂಡಿನ ದಂಪತಿಗಳಿಬ್ಬರು ಮೈಸೂರಿಗೆ ಬಂದಿದ್ದರು. ಇಬ್ಬರೂ ಎಪ್ಪತ್ತು ದಾಟಿದವರು, ಇಬ್ಬರೂ ಗಾಲ್ಫ್ ಆಡುವವರು. ಆಕೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಂಜನಗೂಡಿನ ದೊಡ್ಡ ಜಾತ್ರೆಗೆ ಕರೆತಂದು ಐದು ತೇರು ಎಳೆಯುವುದನ್ನು ತೋರಿಸಿದೆವು. ನಮ್ಮ ಮನೆಯಲ್ಲಿ ಬಾಳೆಲೆಯ ಮೇಲೆ ಊಟ ಮಾಡಿದರು. ರಸಬಾಳೆಯನ್ನು ಒಂದು ತಿಂದು, ಇನ್ನೊಂದನ್ನು ಕೇಳಿ ತಿಂದರು. ತಿ. ನರಸೀಪುರದ ಸಂಗಮಕ್ಕೆ ಹೋದಾಗ, ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಯಾಕಿದೆ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಯಾಕೆ ಹೇಳುತ್ತಾರೆ ಅಂತ ವಿವರಿಸಿದ್ದಕ್ಕೆ ಆಕೆ ಬಹಳ ನಕ್ಕು, "ನಮ್ಮ ಊರಿನವರೂ ಹಾಗೇ, ನಮ್ಮದೇ ಹೆಚ್ಚು ಅಂತಾರೆ, ಬಂದು ನೋಡಿ" ಅಂದರು. ಊರಿಗೆ ಹೋದ ಮೇಲೆ ಕಾಗದ ಬರೆದು ನಾಲ್ಕು ಸಂಸಾರಗಳನ್ನು ಕರೆದರು. ಇಳಿದುಕೊಳ್ಳಲು ಅವರ ಮನೆ, ಅವರ ಗೆಳೆಯರ ಮನೆ. ವಿಮಾನದ ಖರ್ಚು ಮಾತ್ರ ನಮ್ಮದು.

ಆ ಖರ್ಚಿನ ಮಾತು ಬಂದಾಗಲೇ ಮನೆಯಲ್ಲಿ ಚರ್ಚೆ ಎದ್ದದ್ದು. ಗಂಡಸರು ಆಡುವ ಆಟಕ್ಕೆ ಹೆಂಗಸರು ಯಾಕೆ ದುಡ್ಡು ದಂಡ ಮಾಡಿಕೊಂಡು ಹೋಗಬೇಕು ಅಂತ ಬಂಧುಗಳಲ್ಲೇ ಕೆಲವರು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಾನೂ ಅದನ್ನೇ ಯೋಚಿಸಿದೆ. ಹೋಗಿ ಮಾಡುವುದೇನು? ಅವರು ಆಡುತ್ತಾರೆ, ನಾವು ಚೀಲ ಕಾಯುತ್ತೇವೆ. ಚೀಲ ಕಾಯುವ ಕೆಲಸಕ್ಕೆ ಏಳು ಸಮುದ್ರ ದಾಟಬೇಕೇ? ನಾಲ್ಕು ವರ್ಷ ಕಟ್ಟಿದ ಚೀಟಿಯ ಹಣ ಕೈಗೆ ಬಂದಿತ್ತು. ಬಳೆ ಮಾಡಿಸುವುದೋ, ಟಿಕೆಟ್ ತೆಗೆಸುವುದೋ? ನಮ್ಮ ಅತ್ತೆಯವರೇ ತೀರ್ಮಾನ ಹೇಳಿದರು. "ಬಳೆ ನಾಳೆಯೂ ಸಿಗತ್ತೆ, ಹೋಗಿ ಬಾ. ಹತ್ತು ದಿನ ನಾನು ಸಾರು ಮಾಡಿಕೊಂಡು ಉಣ್ಣಲಾರೆನೇ?" ಅಂದರು.

ಕಡಲ ಪಕ್ಕದ ಊರು

ಬೆಂಗಳೂರಿನಿಂದ ಲಂಡನ್ನಿಗೆ ವಿಮಾನದಲ್ಲಿ ಹತ್ತು ಹನ್ನೊಂದು ಗಂಟೆ. ಲಂಡನ್ನಿನಿಂದ ಎಡಿನ್‌ಬರೋ ನಗರಕ್ಕೆ ರೈಲಿನಲ್ಲಿ ನಾಲ್ಕೂವರೆ ಗಂಟೆ. ಅಲ್ಲಿಂದ ಇನ್ನೊಂದು ರೈಲು ಹಿಡಿದು ಲೂಕರ್ಸ್ ಅನ್ನುವ ಸಣ್ಣ ನಿಲ್ದಾಣದಲ್ಲಿ ಇಳಿಯಬೇಕು, ಯಾಕೆಂದರೆ ಸೇಂಟ್ ಆಂಡ್ರೂಸಿನ ರೈಲು ನಿಲ್ದಾಣವನ್ನು 1969ರಲ್ಲೇ ಮುಚ್ಚಿಬಿಟ್ಟರು. ನಮ್ಮ ನಂಜನಗೂಡಿಗೇ ರೈಲಿದೆ, ಇಷ್ಟು ಹೆಸರಾಂತ ಊರಿಗೆ ಇಲ್ಲ!

ಊರು ಚಿಕ್ಕದು, ಹಳೆಯದು. ವಿಶ್ವವಿದ್ಯಾನಿಲಯವೇ 1413ನೆಯ ಇಸವಿಯದು. ಕಡಲ ದಂಡೆಯಲ್ಲಿ ದೊಡ್ಡದೊಂದು ಚರ್ಚು ಪಾಳುಬಿದ್ದು ನಿಂತಿದೆ. 1318ರಲ್ಲಿ ರಾಜನ ಸಮ್ಮುಖದಲ್ಲಿ ಪ್ರತಿಷ್ಠೆಯಾದದ್ದು, 1559ರಲ್ಲಿ ಮತದ ಜಗಳದಲ್ಲಿ ಹಾಳಾಯಿತು. ಗೋಡೆಯಿಲ್ಲದ ಬಾಗಿಲು, ಸೂರಿಲ್ಲದ ಕಂಬ. ನೋಡುತ್ತಾ ನಿಂತರೆ ತಲಕಾಡಿನಲ್ಲಿ ಮರಳಿನಿಂದ ತಲೆ ಎತ್ತಿದ ಕಲ್ಲುಗಳೇ ನೆನಪಿಗೆ ಬರುತ್ತವೆ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತಾದರೂ ಬೆಳಕು. ಸಂಜೆ ದೀಪ ಹಚ್ಚುವುದು ಯಾವಾಗ ಅಂತಲೇ ನನಗೆ ಲೆಕ್ಕ ತಪ್ಪಿಹೋಯಿತು. ಗಾಳಿಯಂತೂ ಬಿಡದೆ ಬೀಸುತ್ತದೆ. ಸೆರಗಿಗೆ ಎರಡು ಪಿನ್ನು ಸಾಲದು.

ಊರಿನ ಬೀದಿ ಮುಗಿದ ಕಡೆಯೇ ಹುಲ್ಲಿನ ಬಯಲು ಶುರು, ಅದರಾಚೆ ಮರಳು, ಅದರಾಚೆ ಕಡಲು. ಕಡಲಿಗೂ ಉಳುವ ಹೊಲಕ್ಕೂ ನಡುವಿನ ಇಂಥ ಮರಳು ದಿಬ್ಬಗಳಿಗೆ ಅವರು ಲಿಂಕ್ಸ್ ಅನ್ನುತ್ತಾರೆ. ಬೆಳೆ ಬಾರದು, ಆದರೆ ಗಿಡ್ಡ ಹುಲ್ಲು ಚೆನ್ನಾಗಿ ಹಬ್ಬುತ್ತದೆ. ಮಳೆ ಬಂದರೆ ನೀರು ನಿಲ್ಲದೆ ಮರಳಿನಲ್ಲಿ ಇಳಿದುಹೋಗುತ್ತದೆ. ಕುರಿ ಮೇಯಿಸುವುದಕ್ಕೆ, ಮೊಲ ಸಾಕುವುದಕ್ಕೆ, ಆಡುವುದಕ್ಕೆ ಬಿಟ್ಟರೆ ಬೇರೇನಕ್ಕೂ ಆಗದು. ಈ ಬಯಲಿನಲ್ಲಿ ಗಾಲ್ಫ್ ಆಡುವ ಹಕ್ಕು ಊರಿನ ಜನರಿಗೆ ಇದೆ ಅಂತ 1552ರಲ್ಲೇ ಅಲ್ಲಿನ ಧರ್ಮಾಧಿಕಾರಿಗಳು ಬರೆದುಕೊಟ್ಟರಂತೆ. ಅದಕ್ಕೂ ನೂರು ವರ್ಷ ಹಿಂದೆ, 1457ರಲ್ಲಿ, ಸ್ಕಾಟ್‌ಲೆಂಡಿನ ರಾಜ ಗಾಲ್ಫನ್ನು ನಿಷೇಧಿಸಿದ್ದ. ಗಂಡಸರು ಬಿಲ್ಲುವಿದ್ಯೆ ಅಭ್ಯಾಸ ಮಾಡುವುದು ಬಿಟ್ಟು ಚೆಂಡಿನ ಹಿಂದೆ ಹೋಗುತ್ತಿದ್ದಾರೆ ಅಂತ ಅವನ ದೂರು. ನೋಡಿ, ಮನೆ ಕೆಲಸ ಬಿಟ್ಟು ಗಾಲ್ಫಿಗೆ ಓಡುವುದು ನಮ್ಮ ಮನೆಯಲ್ಲಿ ಶುರುವಾದದ್ದಲ್ಲ!

ಇಲ್ಲಿನ ಹಳೆಯ ಮೈದಾನಕ್ಕೆ ಓಲ್ಡ್ ಕೋರ್ಸ್ ಅಂತ ಹೆಸರು. ಎಲ್ಲ ಕಡೆ ಹದಿನೆಂಟು ಕುಳಿಗಳ ಆಟ ಆಡುತ್ತಾರಲ್ಲ, ಆ ಲೆಕ್ಕ ಹುಟ್ಟಿದ್ದು ಇಲ್ಲಿಯೇ. ಮೊದಲು ಒಂದು ಸುತ್ತಿಗೆ 22 ಇತ್ತು, 1764ರಲ್ಲಿ 18ಕ್ಕೆ ಇಳಿಸಿದರು. 112 ಮರಳುಗುಂಡಿಗಳಿವೆ. ಹದಿನಾಲ್ಕನೆಯ ಕುಳಿಯ ದಾರಿಯಲ್ಲಿರುವ ದೊಡ್ಡ ಗುಂಡಿಗೆ ನರಕ ಅಂತಲೇ ಹೆಸರು. ಮೈದಾನ ಯಾರೊಬ್ಬರ ಸ್ವಂತದ್ದೂ ಅಲ್ಲ, ಊರಿನದು. ದುಡ್ಡು ಕೊಟ್ಟು ಯಾರು ಬೇಕಾದರೂ ಆಡಬಹುದು. ಆದರೆ ಸರದಿ ಸಿಗಬೇಕು. ಎರಡು ದಿನ ಮುಂಚೆ ಹೆಸರು ಕೊಡಬೇಕು, ಚೀಟಿ ಎತ್ತಿದ ಹಾಗೆ ಹೆಸರು ಎತ್ತುತ್ತಾರೆ. ಬೇಸಿಗೆಯಲ್ಲಿ ಒಬ್ಬರ ಒಂದು ಸುತ್ತಿಗೆ ಮುನ್ನೂರು ಪೌಂಡಿಗೂ ಮೇಲು, ಅಂದರೆ ಮೂವತ್ತು ಸಾವಿರ ರೂಪಾಯಿ ದಾಟುತ್ತದೆ. ನಮ್ಮ ಗಂಡಸರು ಮೂರು ಸಲ ಹೆಸರು ಕೊಟ್ಟು ಒಂದು ಸಲ ಸಿಕ್ಕಿತು. ಅವತ್ತು ಅವರ ಮುಖ ನೋಡಬೇಕಿತ್ತು, ಮದುವೆಯ ದಿನವೂ ಇಷ್ಟು ಹಿಗ್ಗಿರಲಿಲ್ಲ ಅಂತ ನಾವು ನಾಲ್ವರೂ ಮಾತಾಡಿಕೊಂಡೆವು.

ನನಗೆ ಹೆಚ್ಚು ಹಿಡಿಸಿದ್ದು ಭಾನುವಾರ. ದೊಡ್ಡ ಪಂದ್ಯಗಳ ಸಮಯ ಬಿಟ್ಟರೆ ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟವಿಲ್ಲ, ಮೈದಾನಕ್ಕೆ ರಜೆ. ಅವತ್ತು ಊರವರೆಲ್ಲ ಅದರ ಮೇಲೆ ತಿರುಗಾಡುತ್ತಾರೆ. ಕೂಸನ್ನು ಗಾಡಿಯಲ್ಲಿ ತಳ್ಳಿಕೊಂಡು ತಾಯಂದಿರು, ನಾಯಿ ಹಿಡಿದ ಅಜ್ಜಂದಿರು, ಬುತ್ತಿ ತಂದು ಕೂತವರು. ಶನಿವಾರ ಮೂವತ್ತು ಸಾವಿರ ಕೊಟ್ಟವರಿಗೆ ಮಾತ್ರ ಸಿಕ್ಕಿದ ಹುಲ್ಲಿನ ಮೇಲೆ ಭಾನುವಾರ ಬಿಟ್ಟಿಯಾಗಿ ಎಲ್ಲರೂ ಓಡಾಡಬಹುದು. ಅಲ್ಲಿ ಸ್ವಿಲ್ಕನ್ ಅನ್ನುವ ಸಣ್ಣ ತೊರೆ, ಅದರ ಮೇಲೆ ಏಳುನೂರು ವರ್ಷದ್ದೆನ್ನುವ ಕಲ್ಲಿನ ಪುಟ್ಟ ಸೇತುವೆ. ಮೂವತ್ತು ಅಡಿ ಉದ್ದ, ಎಂಟು ಅಡಿ ಅಗಲ, ಅಷ್ಟೆ. ಕುರುಬರು ಕುರಿ ದಾಟಿಸಲು ಕಟ್ಟಿಕೊಂಡದ್ದು. ಅದರ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳಲು ಜನ ಸಾಲು ನಿಲ್ಲುತ್ತಾರೆ. ನಮ್ಮ ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ್ದೆನ್ನುವ ಸೇತುವೆಯಿದೆ. ಅದರ ಮೇಲೆ ರೈಲೂ ಹೋಗುತ್ತಿತ್ತು, ಗಾಡಿಗಳೂ ಹೋಗುತ್ತಿದ್ದವು. ಅದರ ಪಕ್ಕದಲ್ಲೇ ದಿನಾ ಓಡಾಡುವ ನಾವು ಒಂದು ದಿನ ನಿಂತು ನೋಡಿದ್ದೇವೆಯೇ?

ಆ ತೊರೆಯ ಬಗ್ಗೆ ನಮ್ಮ ಆತಿಥೇಯರು ಒಂದು ಸ್ವಾರಸ್ಯ ಹೇಳಿದರು. ಹಿಂದೆ ಊರಿನ ಹೆಂಗಸರು ಅಲ್ಲಿ ಬಟ್ಟೆ ಒಗೆದು, ಈ ಹುಲ್ಲಿನ ಮೇಲೇ ಹರವಿ ಒಣಗಿಸುತ್ತಿದ್ದರಂತೆ. ಆಡುವವರ ಚೆಂಡು ಬಂದು ಬಟ್ಟೆಯ ಮೇಲೆ ಬೀಳುತ್ತಿತ್ತು. ಹಾಗೆ ಬಿದ್ದರೆ ಚೆಂಡಿನಡಿಯಿಂದ ಬಟ್ಟೆ ಎಳೆದುಕೊಳ್ಳಬಹುದು, ಹತ್ತಿರ ಒಗೆಯುವ ತೊಟ್ಟಿ ಇದ್ದರೆ ಸರಿಸಬಹುದು ಅಂತ ಹತ್ತೊಂಬತ್ತನೆಯ ಶತಮಾನದ ಆಟದ ನಿಯಮದಲ್ಲೇ ಬರೆದಿತ್ತಂತೆ. ನಾವು ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕಾದ ಮೇಲೆ ಒಂದು ಯೋಚನೆ ಬಂತು. ಆ ಬಯಲಿನಲ್ಲಿ ಹೆಂಗಸರು ಮೊದಲಿನಿಂದಲೂ ಇದ್ದರು. ಆದರೆ ಒಗೆಯುವವರಾಗಿ ಇದ್ದರು, ಆಡುವವರಾಗಿ ಅಲ್ಲ.

ಹೆಂಗಸರ ಹಿಮಾಲಯ

ಮೂರನೆಯ ದಿನ ಗಂಡಸರು ಆಟಕ್ಕೆ ಹೊರಟ ಮೇಲೆ ಮನೆಯೊಡತಿ ನಮ್ಮನ್ನು ಕರೆದು, "ಇವತ್ತು ನೀವು ಚೀಲ ಕಾಯಬೇಡಿ, ನನ್ನ ಜೊತೆ ಹಿಮಾಲಯಕ್ಕೆ ಬನ್ನಿ" ಅಂದರು. ಅವರ ಉಚ್ಚಾರ ನಮಗೆ ಅರ್ಧ ತಿಳಿಯುತ್ತಿರಲಿಲ್ಲ. ಚಿಕ್ಕದಕ್ಕೆಲ್ಲ ಅವರು 'ವೀ' ಅನ್ನುತ್ತಾರೆ. ವೀ ಮನೆ, ವೀ ಮಗು, ವೀ ನಡಿಗೆ. ಆದರೆ ಹಿಮಾಲಯ ಅನ್ನುವುದು ಸ್ಪಷ್ಟವಾಗಿ ಕೇಳಿಸಿತು. ಇದೇನಪ್ಪಾ, ಸ್ಕಾಟ್‌ಲೆಂಡಿನಲ್ಲಿ ಹಿಮಾಲಯ ಅಂದುಕೊಂಡೇ ಹೊರಟೆವು.

ಓಲ್ಡ್ ಕೋರ್ಸಿನ ಪಕ್ಕದಲ್ಲೇ ಉಬ್ಬುತಗ್ಗಾದ ಒಂದು ತುಂಡು ಹುಲ್ಲುನೆಲ. ಸಣ್ಣ ಸಣ್ಣ ಗುಡ್ಡ, ಕಣಿವೆ, ನಡುವೆ ಕುಳಿಗಳು. ಅದಕ್ಕೇ ಹಿಮಾಲಯ ಎಂಬ ಹೆಸರು. ಇದು ಸೇಂಟ್ ಆಂಡ್ರೂಸಿನ ಮಹಿಳೆಯರ ಕ್ಲಬ್ಬಿನದು. 1867ರಲ್ಲಿ ಶುರುವಾಯಿತು. ಆ ಕಾಲದಲ್ಲಿ ಹೆಂಗಸರು ಭುಜಕ್ಕಿಂತ ಮೇಲೆ ಕೋಲು ಎತ್ತಿ ಬೀಸುವುದು ಮರ್ಯಾದೆಯಲ್ಲ ಅಂತ ಭಾವನೆ. ಆದರೂ ಆಡುವ ಆಸೆ ಅವರಿಗೂ ಇತ್ತಲ್ಲ. ಮೈದಾನದಲ್ಲಿ ಅವರು ಅಡ್ಡ ಬರುವುದು ಬೇಡ ಅಂತಲೋ, ಪಾಪ ಅಂತಲೋ, ಈ ಒಂದು ತುಂಡು ನೆಲವನ್ನು ಬಿಟ್ಟುಕೊಟ್ಟರು. ಓಲ್ಡ್ ಟಾಮ್ ಮಾರಿಸ್ ಎಂಬ ಅಲ್ಲಿನ ಹೆಸರಾಂತ ಆಟಗಾರರೇ ಇದನ್ನು ಹದಮಾಡಿಕೊಟ್ಟರು. ಕೋಲು ಎತ್ತಿ ಬೀಸುವಂತಿಲ್ಲ, ನೆಲದ ಮೇಲೇ ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಸೇರಿಸುವ ಆಟ ಮಾತ್ರ. ಅಷ್ಟನ್ನೇ ಹಿಡಿದುಕೊಂಡು ಆ ಹೆಂಗಸರು ಕ್ಲಬ್ ಕಟ್ಟಿದರು, ಪಂದ್ಯ ನಡೆಸಿದರು. ನೂರೈವತ್ತು ವರ್ಷ ದಾಟಿದರೂ ಅದು ನಡೆಯುತ್ತಿದೆ.

ಪಕ್ಕದಲ್ಲೇ ಕಾಣುವ ಕಲ್ಲಿನ ಭಾರಿ ಕಟ್ಟಡ ರಾಯಲ್ ಅಂಡ್ ಏನ್‌ಷಿಯಂಟ್ ಕ್ಲಬ್ಬಿನದು. ಆ ಕ್ಲಬ್ 1754ರದು. ಆಟಕ್ಕೆ ನಿಯಮ ಬರೆದುಕೊಟ್ಟ ಪ್ರತಿಷ್ಠಿತರು ಇಲ್ಲಿಯವರೇ. ಈ ಕ್ಲಬ್ಬಿಗೆ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಬಹುದು ಅಂತ ತೀರ್ಮಾನವಾದದ್ದು ಯಾವಾಗ ಗೊತ್ತೇ? 2014ರ ಸೆಪ್ಟೆಂಬರ್ 18ರಂದು. ಎರಡುನೂರ ಅರವತ್ತು ವರ್ಷ ಬೇಕಾಯಿತು. ಅವತ್ತು ಮತ ಹಾಕಿದವರಲ್ಲಿ ನೂರಕ್ಕೆ ಎಂಬತ್ತೈದು ಮಂದಿ ಆಗಲಿ ಅಂದರಂತೆ. ಅದಕ್ಕೂ ಮುಂಚೆ, 2007ರಲ್ಲಿ, ಮೊದಲ ಸಲ ಮಹಿಳೆಯರ ಬ್ರಿಟಿಷ್ ಓಪನ್ ಪಂದ್ಯ ಓಲ್ಡ್ ಕೋರ್ಸಿನಲ್ಲಿ ನಡೆದಿತ್ತು. ಮೆಕ್ಸಿಕೋ ದೇಶದ ಲೊರೇನಾ ಓಚೋವಾ ಗೆದ್ದರು. ನಮ್ಮ ಮನೆಯೊಡತಿ ಚಿಕ್ಕಂದಿನಿಂದ ಆಡಿದವರು. "ಹೊರಗೆ ಮೈದಾನದಲ್ಲಿ ಆಡುತ್ತಿದ್ದೆ, ಈ ಬಾಗಿಲು ಮಾತ್ರ ನನಗಲ್ಲ ಅಂತ ಅರವತ್ತು ವರ್ಷದವರೆಗೂ ಅಂದುಕೊಂಡಿದ್ದೆ" ಅಂದರು. ಕೋಪವಿಲ್ಲದೆ, ಹಪ್ಪಳ ಒಣಗಿತೇ ಅಂತ ಕೇಳುವ ದನಿಯಲ್ಲಿ ಹೇಳಿದರು.

ಕೆಲವೇ ಪೌಂಡು ಕೊಟ್ಟರೆ ಯಾರು ಬೇಕಾದರೂ ಹಿಮಾಲಯದಲ್ಲಿ ಆಡಬಹುದು. ಕೋಲು, ಚೆಂಡು ಅವರೇ ಕೊಡುತ್ತಾರೆ. ನಾವು ನಾಲ್ವರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿಕೊಂಡು ನಿಂತೆವು. ಚೆಂಡನ್ನು ನೇರ ಕುಳಿಗೆ ಹೊಡೆದರೆ ಗುಡ್ಡ ಹತ್ತಿ ಎಲ್ಲೋ ಉರುಳಿಹೋಗುತ್ತದೆ. ನೆಲದ ಏರು ನೋಡಿಕೊಂಡು ಓರೆಯಾಗಿ ತಳ್ಳಬೇಕು. ಅಂಗಳದಲ್ಲಿ ನೀರು ಯಾವ ಕಡೆ ಹರಿಯುತ್ತದೆ ಅಂತ ನೋಡಿ ನೋಡಿ ಅಭ್ಯಾಸವಾದ ನಮಗೆ ಇದೇನೂ ಕಷ್ಟವಾಗಲಿಲ್ಲ. ನಮ್ಮಲ್ಲಿ ಹಿರಿಯರೊಬ್ಬರಿಗೆ ಐವತ್ತೆಂಟು ವರ್ಷ, ಮಂಡಿನೋವು. ನಾನು ನೋಡುತ್ತಾ ಕೂತಿರುತ್ತೇನೆ ಅಂದವರು ನಾಲ್ಕನೆಯ ಕುಳಿಯ ಹೊತ್ತಿಗೆ ಕೋಲು ಕೇಳಿದರು. ಅವರು ತಳ್ಳಿದ ಚೆಂಡು ಒಂದು ದಿಬ್ಬ ಹತ್ತಿ, ಇಳಿದು, ಸುತ್ತಿಕೊಂಡು ಹೋಗಿ ಕುಳಿಗೆ ಬಿತ್ತು. ಪಕ್ಕದಲ್ಲಿ ಆಡುತ್ತಿದ್ದ ಗುರುತಿಲ್ಲದ ಜನ ಚಪ್ಪಾಳೆ ತಟ್ಟಿದರು. ಅವರು ನಕ್ಕವರೇ ಕಣ್ಣು ಒರೆಸಿಕೊಂಡರು. ಯಾಕಕ್ಕಾ ಅಂದೆ. "ಏನಿಲ್ಲಮ್ಮ, ಮದುವೆ ಆದಮೇಲೆ ನಾನು ಆಡಿದ ಮೊದಲನೇ ಆಟ ಇದು" ಅಂದರು. ಅವರ ಮದುವೆಯಾಗಿ ಮೂವತ್ತೇಳು ವರ್ಷ.

ಆಡುವ ನಮ್ಮ ಹೆಣ್ಣುಮಕ್ಕಳು ಇಲ್ಲವೆಂದಲ್ಲ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ ಗಾಲ್ಫಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದಾಗ ನಾವೆಲ್ಲ ಟಿ.ವಿ. ಮುಂದೆ ಕೂತಿದ್ದೆವು. ಆಟದುದ್ದಕ್ಕೂ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ. ಅಂಥ ಚೀಲ ಹೊರುವುದಾದರೆ ಯಾವ ತಾಯಿ ಬೇಡವೆಂದಾಳು? 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಆಡಿದ ಭಾರತದ ಮಹಿಳಾ ಗಾಲ್ಫ್ ತಂಡದ ಮೂವರೂ ಕರ್ನಾಟಕದವರೇ. ಅದಿತಿ, ಅವನಿ ಪ್ರಶಾಂತ್, ನಮ್ಮ ಮೈಸೂರಿನ ಪ್ರಣವಿ ಅರಸ್. ಅದಿತಿಗೆ ಬೆಳ್ಳಿಯ ಪದಕ ಬಂತು. ಮಕ್ಕಳು ಇಷ್ಟು ದೂರ ಹೋಗಿದ್ದಾರೆ. ತಾಯಂದಿರಾದ ನಾವು ಮಾತ್ರ ಆಟವೆಂದರೆ ಮಕ್ಕಳನ್ನು ಬಿಟ್ಟು, ಕಾದು, ಕರೆದುಕೊಂಡು ಬರುವುದು ಅಂದುಕೊಂಡಿದ್ದೇವೆ.

ಪರರ ಅಡಿಗೆಮನೆಯಲ್ಲಿ

ಅತಿಥಿಗಳಾಗಿ ಹೋಗುವುದೂ ಒಂದು ಕಲೆ. ಸಸ್ಯಾಹಾರಿಗಳಾದರೆ ಮೊದಲೇ ಕಾಗದದಲ್ಲಿ ಬಿಡಿಸಿ ತಿಳಿಸಿಬಿಡಿ. ಅವರ ಕೆಂಪುಬೇಳೆ ಸೂಪು ನಮ್ಮ ತೊವ್ವೆಯ ಹಾಗೇ ಕಾಣುತ್ತದೆ, ಆದರೆ ಹಂದಿಮಾಂಸ ಬೇಯಿಸಿದ ನೀರು ಹಾಕುವ ರೂಢಿಯೂ ಇದೆ. ಕೇಳಿಯೇ ಊಟಕ್ಕೆ ಕೂರಿ. ಬೆಳಿಗ್ಗೆ ಅವರು ಓಟ್ಸನ್ನು ನೀರಿನಲ್ಲಿ ಬೇಯಿಸಿ ಉಪ್ಪು ಹಾಕಿ ತಿನ್ನುತ್ತಾರೆ. ಥೇಟ್ ನಮ್ಮ ಗಂಜಿ. ನಮ್ಮ ಚಟ್ನಿಪುಡಿ ಅದಕ್ಕೆ ಬಹಳ ಹೊಂದುತ್ತದೆ, ಮನೆಯ ಯಜಮಾನರೇ ಎರಡನೆಯ ದಿನದಿಂದ ಕೇಳಿ ಹಾಕಿಸಿಕೊಂಡರು. ಅಲ್ಲಿನ ಶಾರ್ಟ್‌ಬ್ರೆಡ್ ಬಿಸ್ಕತ್ತು ನಮ್ಮ ನಾನ್‌ಖಟಾಯಿಯ ಅಕ್ಕನೋ ತಂಗಿಯೋ ಇರಬೇಕು. ಮೂರು ಪಾಲು ಮೈದಾ, ಎರಡು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ. ನೀರು ಸೋಕಿಸದೆ ಕಲಸಿ, ದಪ್ಪವಾಗಿ ತಟ್ಟಿ, ಮುಳ್ಳುಚಮಚದಿಂದ ಚುಚ್ಚಿ, ಸಣ್ಣ ಉರಿಯ ಓವನ್ನಿನಲ್ಲಿ ಬಣ್ಣ ಕೆಂಪಾಗದ ಹಾಗೆ ಬೇಯಿಸುತ್ತಾರೆ.

ನಾನು ಒಯ್ದದ್ದು ಹುಳಿ ಅವಲಕ್ಕಿ. ಪ್ರಯಾಣಕ್ಕೆ ಇದರಷ್ಟು ಅನುಕೂಲ ಬೇರೊಂದಿಲ್ಲ. ಕಾಲು ಕಿಲೋ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ದಪ್ಪ ರವೆಯ ಹಾಗೆ ಒಡೆದು ಡಬ್ಬಿಗೆ ಹಾಕಿಕೊಳ್ಳಿ. ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣಿನ ಗಟ್ಟಿ ರಸಕ್ಕೆ ಅಷ್ಟೇ ಬೆಲ್ಲ, ಮೂರು ಚಮಚ ಸಾರಿನ ಪುಡಿ, ಉಪ್ಪು ಹಾಕಿ. ನಾಲ್ಕು ಚಮಚ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಇಂಗು, ಕರಿಬೇವು ಒಗ್ಗರಿಸಿ, ಆ ರಸ ಸುರಿದು, ಎಣ್ಣೆ ಬಿಡುವ ತನಕ ಕುದಿಸಿ ಗೊಜ್ಜು ಮಾಡಿ. ಹುರಿದ ಕಡಲೆಕಾಯಿ ಬೀಜ, ಒಣಕೊಬ್ಬರಿ ತುರಿ ಬೇರೆಯಾಗಿ ಕಟ್ಟಿಕೊಳ್ಳಿ. ಗೊಜ್ಜಿನ ಡಬ್ಬಿ ಕೈಚೀಲದಲ್ಲಿ ಬೇಡ, ವಿಮಾನದ ಹೊಟ್ಟೆಗೆ ಹಾಕುವ ದೊಡ್ಡ ಪೆಟ್ಟಿಗೆಯಲ್ಲಿರಲಿ. ತಿನ್ನುವಾಗ ಅವಲಕ್ಕಿ ರವೆಗೆ ಬಿಸಿನೀರು ಚಿಮುಕಿಸಿ ಹತ್ತು ನಿಮಿಷ ಮುಚ್ಚಿಟ್ಟು, ಗೊಜ್ಜು ಕಲಸಿದರೆ ಆಯಿತು. ಹಿಮಾಲಯದಲ್ಲಿ ಆಡಿದ ಸಂಜೆ ಇದನ್ನೇ ಹನ್ನೆರಡು ಜನಕ್ಕೆ ಬಡಿಸಿದೆ, ಡಬ್ಬಿ ಖಾಲಿ.

ಹೊರಡುವವರಿಗೆ ಇನ್ನೂ ಎರಡು ಮಾತು. ಹಾಲು, ತುಪ್ಪ, ಬೆಣ್ಣೆ, ಪೇಡದಂಥ ಹಾಲಿನ ಪದಾರ್ಥಗಳನ್ನು ಇಲ್ಲಿಂದ ಬ್ರಿಟನ್ನಿಗೆ ಒಯ್ಯುವ ಹಾಗಿಲ್ಲ. ಉಡುಗೊರೆಗೆ ಗಂಧದ ಸೋಪು, ಊದಿನಕಡ್ಡಿ, ಮೈಸೂರಿನ ಮರದ ಕೆತ್ತನೆ ಸಾಕು. ನಾವು ಇವುಗಳ ಜೊತೆಗೆ ನಂಜನಗೂಡಿನ ಹಲ್ಲುಪುಡಿಯನ್ನೂ ಕೊಟ್ಟೆವು, ಆ ಬಣ್ಣ ನೋಡಿ ಮೊದಲು ಬೆಚ್ಚಿದರೂ ಆಮೇಲೆ ಮೆಚ್ಚಿಕೊಂಡರು. ವೀಸಾಕ್ಕೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು, ಎರಡು ತಿಂಗಳು ಮೊದಲೇ ಕೆಲಸ ಶುರುಮಾಡಿ. ಜೂನ್ ತಿಂಗಳಾದರೂ ಸ್ವೆಟರ್, ಕಾಲುಚೀಲ, ತಲೆಗೆ ಸ್ಕಾರ್ಫು ಬೇಕು. ಕೊಡೆಯಂತೂ ಆ ಗಾಳಿಗೆ ಮಗುಚಿಕೊಳ್ಳುತ್ತದೆ, ಟೋಪಿಯಿರುವ ಮಳೆಕೋಟು ಒಳ್ಳೆಯದು.

ಊರಿಗೆ ಬಂದ ಮೇಲೆ

ಬಂದವರೆಲ್ಲ ಕೇಳಿದ್ದು ಲಂಡನ್ನಿನ ಅರಮನೆ ನೋಡಿದಿರಾ, ಏನು ತಂದಿರಿ ಅಂತ. ನನ್ನ ತಲೆಯಲ್ಲಿ ತಿರುಗುತ್ತಿದ್ದುದೇ ಬೇರೆ. ನಮ್ಮ ಊರಿನಲ್ಲಿ ಗಂಡಸರಿಗೆ, ಹುಡುಗರಿಗೆ ಕ್ರಿಕೆಟ್ಟಿಗೆ ಬಯಲಿದೆ, ಸಂಜೆ ಕೂರಲು ಕಟ್ಟೆಯಿದೆ. ನಲವತ್ತು ದಾಟಿದ ಹೆಂಗಸು ದೇವಸ್ಥಾನ, ಸಂತೆ, ಆಸ್ಪತ್ರೆ ಬಿಟ್ಟು ಸುಮ್ಮನೆ ಆಡುವುದಕ್ಕೆ ಅಂತ ಹೋಗುವ ಜಾಗ ಯಾವುದಿದೆ? ಬೆರಳು ಮಡಿಸಲು ಹೋದರೆ ಒಂದೂ ಮಡಿಸಲಾಗಲಿಲ್ಲ.

ಗಾಲ್ಫ್ ಆಡಿ ಅಂತ ನಾನು ಹೇಳುತ್ತಿಲ್ಲ. ಅದು ದುಬಾರಿ ಆಟ, ನೀರೂ ನೆಲವೂ ಬಹಳ ಬೇಕು. ಕಾಲುವೆಯ ಕೊನೆಯವರೆಗೂ ನೀರು ಬಂದರೆ ಸಾಕು ಅಂತ ರೈತರು ಕ್ಯಾಮೆ ಮಾಡಿಕೊಂಡು ಕಾಯುವ ನಮ್ಮ ತಾಲ್ಲೂಕುಗಳಲ್ಲಿ ಹುಲ್ಲಿಗೆ ನೀರು ಹಾಯಿಸಿ ಅಂದರೆ ಯಾರೂ ಮೆಚ್ಚರು, ಮೆಚ್ಚಲೂಬಾರದು. ಆದರೆ ಸೇಂಟ್ ಆಂಡ್ರೂಸಿನ ಹೆಂಗಸರಿಗೆ ಸಿಕ್ಕಿದ್ದೂ ದೊಡ್ಡ ಮೈದಾನವಲ್ಲ, ಬೇರೆಯವರಿಗೆ ಬೇಡವಾದ ಒಂದು ತುಂಡು ನೆಲ. ಅಷ್ಟರಲ್ಲೇ ಅವರು ಶುರುಮಾಡಿದರು.

ನಾವು ಐದಾರು ಜನ ಸೇರಿ ಒಂದು ಶಾಲೆಯವರನ್ನು ಮೈದಾನ ಕೇಳಿದೆವು. ಈ ವಯಸ್ಸಿನಲ್ಲಿ ಆಟವೇ ಅಂತ ಮೊದಲು ನಕ್ಕರು. ಎರಡನೆಯ ಸಲ ಹೋದೆವು. ಮೂರನೆಯ ಸಲ ಹೋದಾಗ ಶನಿವಾರ ಸಂಜೆ ನಾಲ್ಕರಿಂದ ಆರರವರೆಗೆ ಬನ್ನಿ, ಗೇಟು ನೀವೇ ಹಾಕಿಕೊಂಡು ಹೋಗಿ ಅಂದರು. ನೂರಿಪ್ಪತ್ತು ರೂಪಾಯಿಯಂತೆ ಹಾಕಿ ಥ್ರೋಬಾಲ್ ಚೆಂಡು, ಬಲೆ ತಂದೆವು. ಮೊದಲ ಶನಿವಾರ ಆರು ಜನ ಇದ್ದೆವು, ಈಗ ಹದಿನಾಲ್ಕು. ಮಂಡಿನೋವಿನವರಿಗೆ ಕುಂಟೆಬಿಲ್ಲೆ ಬೇಡ ಅಂತ ನಾವೇ ಬದಿಯಲ್ಲಿ ನಾಲ್ಕು ಗುಳಿ ತೋಡಿ, ಹಳೆಯ ಕೊಡೆಯ ಕೋಲು, ರಬ್ಬರ್ ಚೆಂಡು ಇಟ್ಟಿದ್ದೇವೆ. ಮಳೆಗಾಲದಲ್ಲಿ ಗುಳಿ ತುಂಬಿಹೋದರೆ ಮತ್ತೆ ತೋಡುತ್ತೇವೆ. ಬರಲು ಮನಸ್ಸಿದ್ದೂ ಮನೆಯಲ್ಲಿ ಬಿಡದವರು ಇದ್ದಾರೆ. ಅವರ ಅತ್ತೆಯರನ್ನೇ ಒಂದು ದಿನ ಕರೆದುತಂದು ಕೋಲು ಕೈಗೆ ಕೊಡೋಣ ಅಂತ ಯೋಚನೆಯಿದೆ.

ನೀವೂ ಈ ಶನಿವಾರ ನಿಮ್ಮ ಊರಿನಲ್ಲಿ ಅಂಥದೊಂದು ತುಂಡು ನೆಲ ಎಲ್ಲಿದೆ ಅಂತ ಹುಡುಕಿ. ಶಾಲೆಯದೋ, ಛತ್ರದ ಹಿತ್ತಲೋ, ಯಾರದೋ ಖಾಲಿ ಸೈಟೋ ಆಗಲಿ. ಕೇಳುವಾಗ ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. ಸಿಕ್ಕಿದ ಮೇಲೆ ಯಾವ ಆಟ ಆಡಿದಿರಿ ಅಂತ ಪತ್ರಿಕೆಗೆ ಬರೆದು ತಿಳಿಸಿ.